ಮನೆಗೆ ಹೇಳಿ ಕಳಿಸಿದ ಮಾತುಗಳು

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಶಾಲೆಯಿಂದ ಮನೆಗೆ ಹೇಳಿ ಕಳಿಸಿದರೆ ಊರಿನವರು ಅದಕ್ಕೆ ಎರಡೇ ಅರ್ಥ ಮಾಡಿಕೊಳ್ಳುತ್ತಿದ್ದರು. ಮಗು ಬಿದ್ದು ಏಟು ಮಾಡಿಕೊಂಡಿದೆ, ಇಲ್ಲವೇ ಇನ್ನೊಂದು ಮಗುವಿಗೆ ಹೊಡೆದಿದೆ. ಬೇರೆ ಕಾರಣಕ್ಕೂ ಹೇಳಿ ಕಳಿಸಬಹುದು ಎಂದು ನನಗೆ ತೋಚಿದ್ದು ಮಾಕವಳ್ಳಿ ಕಡೆಯ ಶಾಲೆಯಲ್ಲಿದ್ದಾಗ. ಅದನ್ನು ಸರಿಯಾಗಿ ಮಾಡುವುದು ಹೇಗೆಂದು ಗೊತ್ತಾಗುವ ಹೊತ್ತಿಗೆ ಒಬ್ಬ ಹುಡುಗ ಸುಮ್ಮನೆ ಏಟು ತಿಂದಾಗಿತ್ತು.

ಅವನ ಹೆಸರು ನಾಗೇಶ. ಎರಡನೇ ತರಗತಿ. ಅಕ್ಷರ ಕೂಡಿಸಿ ಓದಲು ತಿಂಗಳುಗಟ್ಟಲೆ ಒದ್ದಾಡಿದವನು ಒಂದು ದಿನ ಎದ್ದು ನಿಂತು, ಬೆರಳಿಟ್ಟುಕೊಳ್ಳದೆ, ಪಾಠವನ್ನು ಪೂರ್ತಿ ಓದಿಬಿಟ್ಟ. ನನಗೆ ಕೆಲಸ ಹೊಸದು, ಸಂತೋಷ ತಡೆಯಲಾಗಲಿಲ್ಲ. ದೊಡ್ಡ ತರಗತಿಯ ಹುಡುಗಿಯೊಬ್ಬಳನ್ನು ಕರೆದು, "ನಾಗೇಶನ ಅಮ್ಮನನ್ನು ಮಿಸ್ಸು ಕರೀತಾರೆ ಅಂತ ಹೇಳು" ಎಂದು ಕಳಿಸಿದೆ.

ಅವನ ತಾಯಿ ಚಿಕ್ಕತಾಯಮ್ಮ ಕಬ್ಬಿನ ಗದ್ದೆಯಲ್ಲಿದ್ದವಳು ಕುಡುಗೋಲು ಹಿಡಿದುಕೊಂಡೇ ಓಡಿಬಂದಳು. ಕಾಲೆಲ್ಲ ಕೆಸರು. ಒಳಗೆ ಬರದೆ ಹೊಸ್ತಿಲಾಚೆ ನಿಂತು ಏದುಸಿರು ಬಿಡುತ್ತ ಕೇಳಿದಳು.

"ಏನ್ ಮಾಡ್ಬುಟ್ಟ ಮೇಡಮ್ಮೋರೆ ನನ್ ಮಗ?"

"ಏನೂ ಮಾಡಿಲ್ಲಮ್ಮ. ಇವತ್ತು ಪಾಠ ಪೂರ್ತಿ ಓದಿದ. ಅದನ್ನ ನಿಮಗೆ ಹೇಳೋಣ ಅಂತ ಕರೆಸಿದೆ."

"ಅಷ್ಟೇಯಾ?"

"ಅಷ್ಟೇ."

ಅವಳು ಕುಡುಗೋಲನ್ನು ಗೋಡೆಗೆ ಒರಗಿಸಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವ್ನೆ! ಗೇಟ್ ತಾವ ಸಿಕ್ದ ಕಣವ್ವ. ಏನ್ ಕಿತಾಪತಿ ಮಾಡೀಯೋ ಅಂತ ಎಲ್ಡು ಬಾರಿಸ್ಬುಟ್ಟೇ ಒಳೀಕ್ ಬಂದೆ!"

ನಾಗೇಶ ಬೋರ್‌ವೆಲ್ ಪಂಪಿನ ಹತ್ತಿರ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ಚಿಕ್ಕತಾಯಮ್ಮ ಹೋಗಿ ಅವನನ್ನು ಎಳೆದುಕೊಂಡು ಬಂದಳು. ಸೆರಗಿನಲ್ಲಿ ಮುಖ ಒರೆಸಿ, "ಓದ್ಲಾ, ನಾನೂ ಕೇಳ್ತೀನಿ" ಎಂದಳು. ಅವನು ಬಿಕ್ಕುತ್ತ ಬಿಕ್ಕುತ್ತಲೇ ಇನ್ನೊಂದು ಸಲ ಓದಿದ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಪುಸ್ತಕದ ಮೇಲೆ ಬಗ್ಗಿ, ಮಗನ ಕಣ್ಣು ಹೋದಲ್ಲೆಲ್ಲ ತನ್ನ ಕಣ್ಣನ್ನೂ ಕಳಿಸುತ್ತ, ಕೊನೆಯ ಸಾಲಿನವರೆಗೂ ಕೇಳಿದಳು. ಹೋಗುವಾಗ ನನಗೊಂದು ಬುದ್ಧಿ ಹೇಳಿದಳು. "ಒಳ್ಳೇದಕ್ ಕರ್ದ್ರೆ ಒಳ್ಳೇದಕ್ಕೇ ಅಂತ ಯೋಳಿ ಕಳ್ಸಿ ಮೇಡಮ್ಮೋರೆ. ಎದೆ ಒಡ್ದೋಯ್ತದೆ."

ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಮರೀಗೌಡ ಮೇಷ್ಟ್ರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದರು. ಹಳೆಯ ಕಾಲದ ಮನುಷ್ಯ. ಹುಣಸೆಬೀಜ ಹರಡಿಕೊಂಡು ಅವರು ಹೇಳಿಕೊಡುತ್ತಿದ್ದ ಲೆಕ್ಕವನ್ನು ಆ ಊರಿನ ಮಕ್ಕಳು ಮರೆತಿರಲಾರರು. ಆದರೆ ತಂದೆತಾಯಂದಿರು ಕಾಂಪೌಂಡಿನಿಂದ ಆಚೆಗಿರಬೇಕು ಎನ್ನುವುದು ಅವರ ಶಿಸ್ತು. "ನೋಡಮ್ಮ ಲಲಿತ, ಹೊಗಳೋದಕ್ಕೆ ಅಂತ ಯಾರನ್ನೂ ಕರೆಸಬೇಡ. ಇವತ್ತು ಹೊಗಳಿದರೆ ನಾಳೆ ಬಂದು ನನ್ನ ಮಗನನ್ನ ಯಾಕೆ ಹೊಗಳಲಿಲ್ಲ ಅಂತ ಕೇಳ್ತಾರೆ" ಎಂದರು. ಆ ಮಾತು ಪೂರ್ತಿ ಸುಳ್ಳಲ್ಲ ಎಂದು ಮುಂದಿನ ಊರಿನಲ್ಲಿ ನನಗೇ ಗೊತ್ತಾಯಿತು.

ಮುಂದಿನ ಊರು ಬೂಕನಕೆರೆಯ ಹತ್ತಿರದ್ದು. ಹಾಲಿನ ಡೈರಿಯ ಹಿಂದುಗಡೆ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಸಂಜೆಯಾದರೆ ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುತ್ತಿದ್ದರು. ನನ್ನ ಪಾಲಿನ ಹಾಲಿಗೆ ನಾನೂ ಚಿಕ್ಕ ಪಾತ್ರೆ ಹಿಡಿದು ನಿಲ್ಲುತ್ತಿದ್ದೆ. ಯಾರನ್ನೂ ಶಾಲೆಗೆ ಕರೆಸುವ ಹಾಗಿಲ್ಲ ಎಂದುಕೊಂಡಿದ್ದವಳಿಗೆ ಶಾಲೆಯ ಅರ್ಧ ತಾಯಂದಿರು ಅಲ್ಲೇ ಸಿಕ್ಕರು. ಒಂದು ದಿನ ನನ್ನ ಮುಂದೆ ನಿಂತಿದ್ದವಳಿಗೆ, "ನಿಮ್ಮ ಪವಿತ್ರ ಇವತ್ತು ಏಳರ ಮಗ್ಗಿ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು" ಎಂದೆ. ಅವಳ ಮುಖ ಅರಳಿತು. ಮರುದಿನ ಸಾಲಿನಲ್ಲಿದ್ದ ಇನ್ನಿಬ್ಬರು ನನ್ನತ್ತ ತಿರುಗಿ ನಿಂತು ಕಾದರು. ಹಾಗೆ ಅದೊಂದು ರೂಢಿಯಾಯಿತು. ಡೈರಿಯ ಜಗಲಿಯ ಮೇಲೆ ಕೂತಿರುತ್ತಿದ್ದ ಮುದುಕರೊಬ್ಬರು, "ಸಾಲಾಗ್ ನಿಂತ್ಕಳ್ರವ್ವೋ, ಮೇಡಮ್ಮೋರು ಬಂದ್ರು. ಇಲ್ಲಿ ಹಾಲಿಂದೂ ಡಿಗ್ರಿ ನೋಡ್ತಾರೆ, ಮಕ್ಳದೂ ಡಿಗ್ರಿ ನೋಡ್ತಾರೆ" ಎಂದು ನಗಿಸುತ್ತಿದ್ದರು.

ನನಗೂ ಹುರುಪು ಬಂತು. ಹುರುಪಿನಲ್ಲೇ ಒಂದು ದಿನ ಪವಿತ್ರಳ ತಾಯಿಗೆ, "ನಿಮ್ಮ ಮಗಳು ಎಷ್ಟು ಒಳ್ಳೆಯವಳು ಅಂದರೆ, ಪಕ್ಕದಲ್ಲಿ ಕೂತ ರಂಜಿತಾಗೆ ಭಾಗಾಕಾರ ಹೇಳಿಕೊಟ್ಟಳು" ಎಂದುಬಿಟ್ಟೆ. ರಂಜಿತಾಳ ತಾಯಿ ಜಯಮ್ಮ ಸರಿಯಾಗಿ ನನ್ನ ಬೆನ್ನ ಹಿಂದೆ ನಿಂತಿದ್ದಳು.

"ಓಹೋ! ನಮ್ಮುಡ್ಗಿ ದಡ್ಡಿ, ನಿಮ್ಮುಡ್ಗಿ ಮೇಷ್ಟ್ರಾ?" ಎಂದು ಪವಿತ್ರಳ ತಾಯಿಯ ಮೇಲೆ ಬಿದ್ದಳು.

"ನಾನೆಲ್ ಅಂದ್ನೇ ಅಂಗಂತ? ಅಂದಿದ್ದು ಮೇಡಮ್ಮೋರು!"

ಇಡೀ ಸಾಲು ನನ್ನ ಕಡೆ ತಿರುಗಿತು. ಡೈರಿಯ ಸೆಕ್ರೆಟರಿ ಕೈಯಲ್ಲಿ ಹಾಲಿನ ಡಿಗ್ರಿ ಅಳೆಯುವ ಕೊಳವೆ ಹಿಡಿದುಕೊಂಡು ಹಾಗೇ ನಿಂತ. ನಾನು ಏನೋ ತೊದಲಿದೆ, ಯಾರಿಗೂ ಕೇಳಿಸಲಿಲ್ಲ. ಮರುದಿನ ತರಗತಿಯಲ್ಲಿ ಪವಿತ್ರ ಒಂದು ಮೂಲೆ, ರಂಜಿತ ಇನ್ನೊಂದು ಮೂಲೆ. ಜೊತೆಯಲ್ಲಿ ಕೂರಬಾರದೆಂದು ಇಬ್ಬರಿಗೂ ಮನೆಯಲ್ಲಿ ಅಪ್ಪಣೆಯಾಗಿತ್ತು. ಆಟದ ಬೆಲ್ ಹೊಡೆದ ಕೂಡಲೇ ಕೈ ಕೈ ಹಿಡಿದುಕೊಂಡು ಓಡಿದರು, ಆ ಮಾತು ಬೇರೆ.

ಆ ಸಂಜೆ ಜಯಮ್ಮನ ಮನೆಗೆ ಹೋದೆ. ಅವಳು ಕೂರಲು ಹೇಳಲಿಲ್ಲ, ನಾನೇ ಜಗಲಿಯ ಮೇಲೆ ಕೂತೆ. ಒಂದನೇ ತರಗತಿಗೆ ಹೊಸದಾಗಿ ಸೇರಿದ ಮಗುವೊಂದು ದಿನವೂ ಅಳುತ್ತದೆ, ನಾನು ಎತ್ತಿಕೊಂಡರೂ ಸುಮ್ಮನಾಗುವುದಿಲ್ಲ, ರಂಜಿತ ಬಂದು ತಲೆ ಸವರಿದರೆ ಮಾತ್ರ ಸುಮ್ಮನಾಗುತ್ತದೆ ಎಂದು ನಡೆದದ್ದನ್ನು ನಡೆದಂತೆ ಹೇಳಿದೆ. ಜಯಮ್ಮ ಹಸುವಿನ ಮುಂದೆ ಹುಲ್ಲು ಹಾಕಿದಳು. ಆಮೇಲೆ ಒಳಗೆ ಹೋಗಿ ಕಾಫಿ ತಂದುಕೊಟ್ಟು, "ಇದ್ನ ನೀವು ನೆನ್ನೆ ಡೈರಿ ತಾವ ಯೋಳ್ಬೇಕಿತ್ತು" ಎಂದಳು. ಮರುದಿನ ಡೈರಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ. ಅವತ್ತಿನಿಂದ ಒಂದು ಮಾತಿನಲ್ಲಿ ಒಂದೇ ಮಗುವಿನ ಹೆಸರು ತಂದೆ. ಸಂತೋಷದ ಸುದ್ದಿ ಸಾಲಿನಲ್ಲಿ, ಕಳವಳದ ಸುದ್ದಿ ಅವರವರ ಮನೆಯಲ್ಲಿ.

ಪಾಠ ಹೇಳಲು ಹೊಸದಾಗಿ ಶಾಲೆಗೆ ಬರುತ್ತಿರುವ ನಿಮಗೆ ಈ ಡೈರಿಯ ಕಥೆ ವಿಚಿತ್ರವೆನಿಸಬಹುದು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನಮ್ಮಲ್ಲೂ ಪೋಷಕರ ವಾಟ್ಸಾಪ್ ಗ್ರೂಪು ಹುಟ್ಟಿತು. ಆಗ ನಾನು ಚಿನಕುರಳಿ ಸುತ್ತಿನ ಒಂದು ಹಳ್ಳಿಯಲ್ಲಿದ್ದೆ. ಮುಖ್ಯೋಪಾಧ್ಯಾಯರು ಪ್ರಸನ್ನ ಅಂತ, ನನಗಿಂತ ಚಿಕ್ಕವರು, ಚುರುಕು. ಶಾಲೆ ಮತ್ತೆ ತೆರೆದ ಮೇಲೂ ದಿನವೂ ಫೋಟೋ ಹಾಕಿಸುತ್ತಿದ್ದರು. ಪ್ರಾರ್ಥನೆಯ ಫೋಟೋ, ಊಟದ ಫೋಟೋ, ಗಿಡಕ್ಕೆ ನೀರು ಹಾಕುವ ಫೋಟೋ. ಅದಕ್ಕೆ ಅಪ್ಪಂದಿರು ಹೆಬ್ಬೆರಳೆತ್ತಿ, ಕೈ ಮುಗಿದು, ಹೂವಿನ ಚಿತ್ರ ಹಾಕಿ ಉತ್ತರ ಕೊಡುತ್ತಿದ್ದರು. ಫೋನು ಅವರ ಜೇಬಿನಲ್ಲೇ ಕ್ವಾರಿಗೂ ಪೇಟೆಗೂ ಹೋಗುತ್ತಿತ್ತು. ಮನೆಯಲ್ಲಿದ್ದ ತಾಯಂದಿರು ಎಷ್ಟೋ ಜನ ಗ್ರೂಪನ್ನು ಕಂಡೇ ಇರಲಿಲ್ಲ.

ಒಬ್ಬ ಹುಡುಗನ ಅಜ್ಜಿ ದಾರಿಯಲ್ಲಿ ಸಿಕ್ಕಿ ನೇರವಾಗಿ ಹೇಳಿದರು. "ಪಟದಾಗೆ ನಮ್ ಮೊಮ್ಮಗ ಕಾಣ್ತಾನೆ ಮೇಡಮ್ಮೋರೆ. ಏನ್ ಕಲ್ತ ಅಂತ ಕಾಣಾಕಿಲ್ಲ."

ನಾನು ಫೋಟೋ ಕಡಿಮೆ ಮಾಡಿದೆ. ಅದರ ಬದಲು ಸಂಜೆ ನನ್ನ ದನಿಯಲ್ಲೇ ಚಿಕ್ಕ ಸಂದೇಶ ಕಳಿಸಲು ಶುರುಮಾಡಿದೆ. 'ಇವತ್ತು ಬೀಜ ಮೊಳಕೆಯೊಡೆಯುವುದನ್ನು ನೋಡಿದೆವು. ಯಾವ ಬೀಜ ಮೊದಲು ಬಿರಿಯಿತು ಎಂದು ಊಟದ ಹೊತ್ತಿನಲ್ಲಿ ನಿಮ್ಮ ಮಗುವನ್ನು ಕೇಳಿ.' ಇಷ್ಟೇ. ಓದು ಬಾರದವರೂ ಕೇಳಿಸಿಕೊಳ್ಳಬಹುದು. ಅಪ್ಪ ಸಂಜೆ ಮನೆಗೆ ಬಂದ ಮೇಲೆ ಫೋನನ್ನು ನಡುಮನೆಯಲ್ಲಿಟ್ಟು ಹಾಕಿದರೆ ಎಲ್ಲರಿಗೂ ಕೇಳುತ್ತದೆ. ಪ್ರಸನ್ನ ಸರ್ ಮೊದಲು, "ಮೇಡಂ, ಫೋಟೋ ಇದ್ದರೆ ಮೇಲಿನವರಿಗೆ ತೋರಿಸಬಹುದು, ದನಿ ಯಾರಿಗೆ ತೋರಿಸೋದು?" ಎಂದು ಮುಖ ಸಣ್ಣದು ಮಾಡಿದರು. ಆಮೇಲೆ ಅವರೇ ಫೋಟೋ ಹಾಕುವ ಕೆಲಸ ಇಟ್ಟುಕೊಂಡು, ದನಿಯ ಕೆಲಸ ನನಗೆ ಬಿಟ್ಟರು.

ಆ ಸಮಯದಲ್ಲೇ ಸಿಂಚನ ಎಂಬ ಹುಡುಗಿ ಮೂರನೇ ತರಗತಿಗೆ ಬಂದು ಸೇರಿದಳು. ಅಲ್ಲಿಯವರೆಗೂ ನಾಗಮಂಗಲದ ಕಡೆ ತಾಯಿಯ ತವರಿನಲ್ಲಿದ್ದು ಓದಿದವಳು. ತಂದೆ ಕುಮಾರ ಕಲ್ಲು ಕ್ವಾರಿಯ ಟಿಪ್ಪರ್ ಓಡಿಸುತ್ತಿದ್ದ. ತಾಯಿ ಮಂಜುಳ ಮನೆಯಲ್ಲಿ ಹಸು ಸಾಕಿದ್ದಳು. ಹುಡುಗಿ ಅಚ್ಚುಕಟ್ಟು. ಅಕ್ಷರ ಮುತ್ತಿನಂತೆ. ಕೊಟ್ಟ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮಾಡಿಡುತ್ತಿದ್ದಳು. ಆದರೆ ಬಾಯಿ ಬಿಡುತ್ತಿರಲಿಲ್ಲ. ಹಾಜರಿ ಕೂಗಿದರೆ ಕೈಯೆತ್ತುವಳು. ಬಾಯಾರಿದರೆ ಲೋಟ ತೋರಿಸುವಳು. ಹೊಸ ಜಾಗ, ಸಂಕೋಚ ಎಂದುಕೊಂಡೆ. ದಸರಾ ರಜೆ ಮುಗಿದು ಬಂದ ಮೇಲೂ ಅದೇ. ಮಕ್ಕಳು ಅವಳ ಪರವಾಗಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡುಬಿಟ್ಟಿದ್ದರು. "ಮಿಸ್, ಅವ್ಳಿಗೆ ಮಾತು ಬರಲ್ಲ ಮಿಸ್."

ಒಂದು ಸಂಜೆ ಅವರ ಮನೆಗೆ ಹೊರಟೆ. ಬೀದಿಯ ತಿರುವಿನಲ್ಲೇ ಆ ಮನೆಯೊಳಗಿಂದ ಯಾವುದೋ ಮಗು ಜೋರುಜೋರಾಗಿ ಯಾರನ್ನೋ ಗದರಿಸುತ್ತಿರುವುದು ಕೇಳಿಸಿತು. ನಾನು ಗೇಟು ತಳ್ಳಿದೆ, ದನಿ ನಿಂತಿತು. ಮಂಜುಳ ಹಾಲು ಕರೆಯುತ್ತಿದ್ದವಳು ಎದ್ದು ಬಂದಳು. ಸಿಂಚನ ಕಂಬದ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದಳು.

"ಸಿಂಚನ ಶಾಲೆಯಲ್ಲಿ ಇನ್ನೂ ಒಂದೂ ಮಾತಾಡಿಲ್ಲ ಮಂಜುಳ. ನಿಮಗೆ ಗೊತ್ತಿದೆಯಾ?"

ಅವಳು ನಕ್ಕುಬಿಟ್ಟಳು. "ಯಾರು, ನಮ್ ಸಿಂಚನಾನಾ? ನೀವ್ ಬೇರೆ ಯಾರ್ನೋ ಅಂದ್ಕಂಡಿದ್ದೀರಿ ಮೇಡಂ. ಇವ್ಳು ಬಾಯ್ ಮುಚ್ಚುದ್ರೆ ಸಾಕು ಅಂತ ನಾವ್ ಕಾಯ್ತೀವಿ."

ನಾನು ನಗಲಿಲ್ಲ. ಅವಳ ನಗು ನಿಧಾನವಾಗಿ ಇಳಿಯಿತು. "ಒಂದೂ ಇಲ್ವಾ?" ಎಂದು ಕೇಳಿದಳು. "ಒಂದೂ ಇಲ್ಲ" ಎಂದೆ. ಅವಳು ಕಂಬದ ಕಡೆ ತಿರುಗಿ ನೋಡಿದಳು, ಸಿಂಚನ ಒಳಗೆ ಹೋಗಿದ್ದಳು. "ನಾಗಮಂಗ್ಲದ್ ಸ್ಕೂಲಲ್ಲೂ ಇಂಗೇ ಇದ್ಲೋ ಏನೋ ಮೇಡಂ. ಯಾರೂ ನಮ್ಗೊಂದ್ ಮಾತು ಹೇಳ್ನೇ ಇಲ್ವಲ್ಲ" ಎಂದಳು.

ಮರುದಿನ ಬೆಳಗ್ಗೆ ಅವಳಿಂದ ಒಂದು ಧ್ವನಿ ಸಂದೇಶ ಬಂತು. 'ಮೇಡಂ, ನಂಬ್ದೆ ಇದ್ರೆ ಕೇಳಿ. ತಮ್ಮನ್ನೂ ಕರೂನೂ ಕೂರಿಸ್ಕಂಡವ್ಳೆ' ಎಂದು ಅವಳ ಮಾತು. ಹಿಂದೆಯೇ ಒಂದು ಮಗುವಿನ ದನಿ. ಸಿಂಚನ ತನ್ನ ತಮ್ಮನನ್ನೂ ಹಸುವಿನ ಕರುವನ್ನೂ ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. "ಏಯ್, ಗೋಡೆ ನೋಡಿದ್ರೆ ಅಕ್ಷರ ಬರುತ್ತಾ? ಬೋರ್ಡ್ ನೋಡ್ರಿ. ಎಲ್ಲಿ, ಎಲ್ಲಾರೂ ಒಟ್ಟಿಗೆ!" ಅದು ನನ್ನದೇ ಮಾತು, ನನ್ನದೇ ರಾಗ. 'ಎಲ್ಲಿ' ಎಂದ ಮೇಲೆ ನಾನು ತೆಗೆದುಕೊಳ್ಳುವ ಉಸಿರನ್ನೂ ಅವಳು ಬಿಟ್ಟಿರಲಿಲ್ಲ. ಹಿಂದಿನ ಸಂಜೆ ಬೀದಿಯಲ್ಲಿ ನನಗೆ ಕೇಳಿಸಿದ್ದು ಇವಳ ದನಿಯೇ. ಶಾಲೆಯ ವರಾಂಡದಲ್ಲಿ ಒಬ್ಬಳೇ ನಿಂತು ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಪ್ರಸನ್ನ ಸರ್ ಅವಳ ಹೆಸರನ್ನು ವಿಶೇಷ ಅಗತ್ಯವಿರುವ ಮಕ್ಕಳ ಪಟ್ಟಿಗೆ ಸೇರಿಸಿದರೆ ತಾಲ್ಲೂಕಿನಿಂದ ನೆರವು ಸಿಗುತ್ತದೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ಮಾತು ಶಾಲೆಯಿಂದ ಅಂಗಡಿಗೆ, ಅಂಗಡಿಯಿಂದ ಕ್ವಾರಿಗೆ ಹೋಗುವಷ್ಟರಲ್ಲಿ ರೂಪ ಬದಲಾಗಿತ್ತು. ಕುಮಾರ ಟಿಪ್ಪರನ್ನು ರಸ್ತೆಯಲ್ಲೇ ನಿಲ್ಲಿಸಿ ಶಾಲೆಯೊಳಕ್ಕೆ ಬಂದ.

"ನನ್ ಮಗ್ಳು ಮೂಗಿ ಅಂತ ಬರ್ಕಂಡಿದ್ದೀರಂತಲ್ಲ? ಯಾರ್ ಹೇಳಿದ್ದು ನಿಮ್ಗೆ ಮೂಗಿ ಅಂತ? ಬ್ಯಾಡ ಬುಡಿ ಈ ಸ್ಕೂಲು. ಟೀಸಿ ಕೊಡಿ, ನಾಗಮಂಗ್ಲಕ್ಕೆ ಅವ್ರಜ್ಜಿ ಮನೇಗೇ ವಾಪಸ್ ಕಳಿಸ್ತೀನಿ."

ಪ್ರಸನ್ನ ಸರ್ ವಿವರಿಸಲು ಹೋದರು, ಅವನು ಕೇಳಿಸಿಕೊಳ್ಳಲಿಲ್ಲ. ಮತ್ತೆ ಕಳಿಸಿದರೆ ಅಲ್ಲಿ ಮತ್ತೆ ಯಾರಿಗೂ ಗೊತ್ತಾಗದಂತೆ ಈ ಹುಡುಗಿ ಸುಮ್ಮನೆ ಕೂತು ತರಗತಿಯಿಂದ ತರಗತಿಗೆ ಪಾಸಾಗುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. "ಕುಮಾರ, ಅವಳಿಗೆ ಮಾತು ಬರುತ್ತೆ ಅಂತ ನನಗೆ ಗೊತ್ತು. ನನ್ನ ಹಾಗೇ ಪಾಠ ಮಾಡ್ತಾಳೆ, ಕೇಳಿದ್ದೀನಿ. ಪರೀಕ್ಷೆ ಮುಗಿಯೋ ತನಕ ಬಿಡಿ. ಆಮೇಲೂ ನಿಮಗೆ ಬೇಡ ಅನ್ನಿಸಿದರೆ ನಾನೇ ಟೀಸಿ ಬರೆದುಕೊಡ್ತೀನಿ" ಎಂದೆ. ಅವನು ಹೋಗಿ ಟಿಪ್ಪರ್ ಹತ್ತಿದ. ಆದರೆ ಮರುದಿನ ಸಿಂಚನ ಶಾಲೆಗೆ ಬಂದಳು.

ಆ ವಾರವೇ ಪಾಂಡವಪುರದಿಂದ ವಿಶೇಷ ಶಿಕ್ಷಕಿ ವನಜಾಕ್ಷಿ ತಮ್ಮ ಸ್ಕೂಟರಿನಲ್ಲಿ ಬಂದರು. ತಂದೆ ತಾಯಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಕೆಲವು ಮಕ್ಕಳಿಗೆ ಮನೆಯಲ್ಲಿ ಹರಿಯುವ ಮಾತು ಬೇರೆ ಕಡೆ ಗಂಟಲಲ್ಲೇ ನಿಂತುಬಿಡುತ್ತದೆ, ಅದು ಹಟವಲ್ಲ, ಭಯ ಎಂದರು.

"ಹಟಾನೇ ಮೇಡಂ. ನಾಲ್ಕ್ ಬಿಟ್ರೆ ತಾನಾಗ್ ಮಾತಾಡ್ತಾಳೆ" ಎಂದ ಕುಮಾರ.

ವನಜಾಕ್ಷಿ ಸಿಟ್ಟಾಗಲಿಲ್ಲ. "ನೀವು ಮೊದಲ ಸಲ ಲೋಡ್ ತುಂಬಿದ ಟಿಪ್ಪರನ್ನ ಕ್ವಾರಿ ಇಳಿಜಾರಿನಲ್ಲಿ ಇಳಿಸಿದಾಗ ಹೇಗಿತ್ತು?" ಎಂದು ಕೇಳಿದರು.

ಅವನು ಸ್ಟೇರಿಂಗ್ ಹಿಡಿದವನಂತೆ ಎರಡೂ ಕೈ ಮುಂದೆ ಚಾಚಿದ. "ಕಾಲೇ ಆಡ್ನಿಲ್ಲ. ಪಕ್ಕದಲ್ಲಿ ಹಳೇ ಡ್ರೈವರ್ ಕೂತಿದ್ದ, ಒಂದೇ ಸಮ ಬೈತಿದ್ದ. ಅವ್ನು ಬೈದಷ್ಟೂ ನಂಗೆ ಬ್ರೇಕ್ ಯಾವ್ದು, ಕ್ಲಚ್ ಯಾವ್ದು ಅಂತ್ಲೇ ಮರ್ತೋಯ್ತು."

"ಆಮೇಲೆ?"

"ಬೈಯೋದ್ ನಿಲ್ಲಿಸ್ದ. ನಿಧಾನ್ಕೆ ಇಳಿಸ್ದೆ." ಹೇಳಿ ಮುಗಿಸಿದ ಮೇಲೆ ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಟೀಸಿಯ ಮಾತು ಬರಲಿಲ್ಲ.

ವನಜಾಕ್ಷಿ ಹೇಳಿಕೊಟ್ಟ ದಾರಿ ಬಹಳ ನಿಧಾನದ್ದು. ಶಾಲೆ ಬಿಟ್ಟ ಮೇಲೆ, ಸಂಜೆಯ ಹಾಲು ಕರೆಯುವುದಕ್ಕೆ ಮೊದಲು, ಮಂಜುಳ ಬಂದು ಖಾಲಿ ತರಗತಿಯಲ್ಲಿ ಮಗಳ ಜೊತೆ ಕೂರಬೇಕು. ಆಟವಾಡಬೇಕು, ಮಾತಾಡಬೇಕು. ನಾನು ದೂರದ ವರಾಂಡದಲ್ಲಿರಬೇಕು. ಕೆಲವು ದಿನದ ಮೇಲೆ ಬಾಗಿಲಿನ ಹತ್ತಿರ. ಆಮೇಲೆ ಒಳಗೆ, ಆದರೆ ಅವಳಿಗೆ ಬೆನ್ನು ಹಾಕಿಕೊಂಡು. ಅವಳು ಮಾತಾಡಿದರೆ ಆಹಾ ಓಹೋ ಎನ್ನಬಾರದು. ಕೇಳಿಸಿಕೊಂಡೆ ಎಂದೂ ತೋರಿಸಬಾರದು. ಬಾಯಿ ಬಿಡಿಸುವುದೇ ಕಸುಬಾಗಿದ್ದ ನನಗೆ ಇದು ಕಷ್ಟವಾಯಿತು.

ನಾನು ಬೀರುವಿನ ಕಡೆ ತಿರುಗಿ ಪುಸ್ತಕ ಜೋಡಿಸುತ್ತಿದ್ದ ಒಂದು ಸಂಜೆ ಬೆನ್ನ ಹಿಂದೆ ಪಿಸುಮಾತು ಕೇಳಿಸಿತು. "ಅಮ್ಮಾ, ಮಿಸ್ ಕೇಳಿಸ್ಕತಾವ್ರೆ." ನಾನು ತಿರುಗಲಿಲ್ಲ. ಜೋಡಿಸಿದ್ದ ಪುಸ್ತಕಗಳನ್ನೇ ತೆಗೆದು ಇನ್ನೊಂದು ಸಲ ಜೋಡಿಸಿದೆ.

ಈ ದಿನಗಳಲ್ಲಿ ನಾನೂ ಮಂಜುಳಳೂ ದಿನವೂ ಸುದ್ದಿ ಹಂಚಿಕೊಳ್ಳುತ್ತಿದ್ದೆವು. ಇವತ್ತು ನಗುವಾಗ ಬಾಯಿ ಮುಚ್ಚಿಕೊಳ್ಳಲಿಲ್ಲ, ಇವತ್ತು ಭೂಮಿಕಾಳ ಪಕ್ಕ ತಾನೇ ಹೋಗಿ ಕೂತಳು ಎಂದು ನಾನು ಹೇಳುವೆ. ಭೂಮಿಕ ಅದೇ ಬೀದಿಯ ಹುಡುಗಿ, ಸಂಜೆಯ ಆಟಕ್ಕೆ ನಾವು ಮೊದಲು ಸೇರಿಸಿಕೊಂಡದ್ದು ಅವಳನ್ನೇ. ಅತ್ತ ಕಡೆಯಿಂದ ಮಂಜುಳ ಹೇಳುತ್ತಿದ್ದ ಸುದ್ದಿಗಳು ನನಗೆ ಹೊಸವು. "ಇವತ್ತು ಭಿನ್ನರಾಶಿ ಬೇಗ ಬೇಗ ಹೇಳ್ಬುಟ್ರಂತೆ ಮೇಡಂ. ಅರ್ಧ ಜನಕ್ಕೆ ಅರ್ಥ ಆಗ್ನಿಲ್ವಂತೆ. ಅರ್ಥ ಆಯ್ತಾ ಅಂತ ನೀವ್ ಕೇಳ್ದಾಗ ಎಲ್ಲಾರೂ ಸುಮ್ನೆ ಹೂಂ ಅಂದ್ರಂತೆ." ಮರುದಿನ ಪಾಠವನ್ನು ಮೊದಲಿನಿಂದ ಮಾಡಿದೆ. ಅಲ್ಲಿಯವರೆಗೆ ಮನೆಗೆ ತಿಳಿಸುವುದು ನನ್ನ ಕೆಲಸ ಎಂದಷ್ಟೇ ತಿಳಿದಿದ್ದೆ. ನನ್ನ ತರಗತಿಯೊಳಗೆ ಏನಾಗುತ್ತಿದೆ ಎಂಬುದನ್ನು ನಾನೇ ಒಂದು ಮನೆಯಿಂದ ತಿಳಿದುಕೊಂಡದ್ದು ಅದೇ ಮೊದಲು.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದರು. ನಾನು ಹೇಳುವುದಕ್ಕೆ ಮೊದಲೇ ಸಿಂಚನಳತ್ತ ಬೆರಳು ತೋರಿಸಿ, "ನೀನು ಓದಮ್ಮ" ಎಂದರು. ಅವಳು ಎದ್ದು ನಿಂತಳು. ಪುಸ್ತಕದಿಂದ ಮುಖ ಮುಚ್ಚಿಕೊಂಡಳು. "ಯಾಕೆ, ಬಾಯಿಲ್ಲವಾ?" ಎಂದರು ಅವರು. ನಾನು ಮುಂದೆ ಬರುವಷ್ಟರಲ್ಲಿ ಪ್ರಸನ್ನ ಸರ್ ಅವಳ ಪಕ್ಕಕ್ಕೆ ಹೋಗಿ ನಿಂತಿದ್ದರು. "ಅವಳು ಚೆನ್ನಾಗಿ ಓದ್ತಾಳೆ ಸರ್. ಅದು ನನ್ನ ಜವಾಬ್ದಾರಿ. ಈಗ ಬೇರೆಯವರನ್ನ ಕೇಳಿ" ಎಂದರು. ಮೇಲಿನವರ ಎದುರು ಅವರು ಹಾಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅವತ್ತು ಸಂಜೆಯೇ, ಸುದ್ದಿ ಬೇರೆ ದಾರಿಯಲ್ಲಿ ತಲುಪುವ ಮೊದಲೇ, ಆ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅಧಿಕಾರಿ ಬರುವುದು ಗೊತ್ತಿದ್ದೂ ಸಿಂಚನಳ ವಿಷಯ ಅವರಿಗೆ ಮುಂಚೆಯೇ ತಿಳಿಸಿರಲಿಲ್ಲ, ಅದು ನನ್ನ ಅಚಾತುರ್ಯ ಎಂದೂ ಹೇಳಿದೆ. ಕುಮಾರ ರೇಗುತ್ತಾನೆಂದು ಸಿದ್ಧವಾಗಿಯೇ ಹೋಗಿದ್ದೆ. ಅವನು ಜಗಲಿಯ ಮೇಲೆ ಕೂತು ಕೇಳಿ, "ನೀವೇ ಬಂದ್ ಹೇಳಿದ್ರಲ್ಲ, ಬುಡಿ ಮೇಡಂ" ಎಂದ. ಸಿಂಚನ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಭೂಮಿಕ ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು. ನಾವು ಬಾಗಿಲಿನ ಹತ್ತಿರದಿಂದ ಮತ್ತೆ ಶುರುಮಾಡಿದೆವು.

ಬೇಸಿಗೆ ಕಾಲಿಡುತ್ತಿದ್ದ ಒಂದು ಬೆಳಗ್ಗೆ, ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಮಕ್ಕಳೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಹಿಂದಿನಿಂದ ಒಂದು ದನಿ ಬಂತು. ಸಣ್ಣದು, ಆದರೆ ಸ್ಪಷ್ಟ.

"ಮಿಸ್, ಇವ್ನು ನನ್ ರಬ್ಬರ್ ತಕಂಡ."

ನನ್ನ ಸೀಮೆಸುಣ್ಣ ಅಲ್ಲೇ ನಿಂತಿತು. ತರಗತಿಯೂ ನಿಂತಿತು. ಯಾರೋ ಬಾಯಿ ತೆರೆಯಲು ಹೋದರು, ಭೂಮಿಕ "ಶ್" ಎಂದದ್ದು ಕೇಳಿಸಿತು. ವನಜಾಕ್ಷಿ ಹೇಳಿದ್ದನ್ನು ನೆನಪಿಸಿಕೊಂಡೆ. ಎಂದಿನ ದನಿಯಲ್ಲೇ, ತಿರುಗಿಯೂ ನೋಡದೆ, "ಕೊಡಪ್ಪ ಅವಳ ರಬ್ಬರು" ಎಂದೆ. ಲೆಕ್ಕ ಬರೆದು ಮುಗಿಸಿದೆ. ಕೂಡುವ ಲೆಕ್ಕಕ್ಕೆ ಕಳೆಯುವ ಚಿಹ್ನೆ ಹಾಕಿದ್ದೆನೆಂದು ಆಮೇಲೆ ಮಕ್ಕಳು ಹೇಳಿದರು.

ಬಿಡುವಿನ ಬೆಲ್ ಆದ ಕೂಡಲೇ ವರಾಂಡದ ತುದಿಗೆ ಹೋಗಿ ಮಂಜುಳಗೆ ಫೋನು ಮಾಡಿದೆ. "ಸಿಂಚನ ಮಾತಾಡಿದಳು ಮಂಜುಳ. ತರಗತಿಯಲ್ಲಿ, ಎಲ್ಲರ ಎದುರಿಗೆ" ಎಂದು ನಡೆದದ್ದನ್ನು ಹೇಳಿದೆ. ಅತ್ತ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

"ಕೊಟ್ನಾ ಮೇಡಂ?" ಎಂದಳು.

"ಏನು?"

"ರಬ್ಬರ್ನ. ವಾಪಸ್ ಕೊಟ್ನಾ ಅವ್ನು?"

"ಕೊಟ್ಟ" ಎಂದೆ. ಇಬ್ಬರೂ ನಕ್ಕೆವು. ನನ್ನ ಕೆಲಸದ ಕಾಲದಲ್ಲಿ ಎಷ್ಟೋ ಮಾತುಗಳನ್ನು ಮನೆಗಳಿಗೆ ಮುಟ್ಟಿಸಿದ್ದೇನೆ. ಸಂಜೆಯವರೆಗೂ ಕಾಯಲಾರದೆ ಹೇಳಿದ್ದು ಅದೊಂದನ್ನೇ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಆಚೆ ಟಿಪ್ಪರು ಬಂದು ನಿಂತಿತು. ಕುಮಾರ ಇಳಿದು ಬಂದ. ಮೈಮೇಲೆಲ್ಲ ಕಲ್ಲಿನ ಧೂಳು. ಅವನು ಒಳಗೆ ಬರಲಿಲ್ಲ. "ಈ ಕಡೆ ಲೋಡ್ ಇತ್ತು ಮೇಡಂ" ಎಂದ. ಗಾಡಿ ಖಾಲಿ ಇತ್ತು. ಮಗಳು ಶಾಲೆಯ ಹತ್ತಿರ ತಂದೆಯ ಜೊತೆಗೂ ಮಾತಾಡಿದವಳಲ್ಲ. ಅವನು ಕರೆಯಲು ಬಂದರೆ ಸುಮ್ಮನೆ ಹೋಗಿ ಕೈ ಹಿಡಿಯುತ್ತಿದ್ದಳು.

ಬೆಲ್ ಹೊಡೆಯಿತು. ಮಕ್ಕಳು ಗೇಟಿನ ಕಡೆ ನುಗ್ಗಿದರು. ಆ ಗುಂಪಿನ ನಡುವಿನಿಂದ ಸಿಂಚನ ಭೂಮಿಕಾಳನ್ನು ಎಳೆದುಕೊಂಡು ಓಡಿಬಂದಳು. ಅಪ್ಪನನ್ನು ಕಂಡು ಗೇಟಿನಲ್ಲೇ ನಿಂತಳು. ಹಿಂದೆ ಮುಂದೆ ಎಲ್ಲ ಮಕ್ಕಳು.

"ಅಪ್ಪಾ! ಇವ್ಳೂ ಬತ್ತಾಳಂತೆ. ಮುಂದ್ಗಡೆ ಕೂರಿಸ್ಕತೀಯಾ?"

ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಕುಮಾರ ನನ್ನ ಕಡೆ ನೋಡಿದ. ಹೇಗೆ ನಿಲ್ಲಬೇಕೆಂದು ತಿಳಿಯದವನಂತೆ ಹೆಗಲ ಮೇಲಿನ ಟವೆಲಿನಿಂದ ಮುಖದ ಧೂಳು ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಆಮೇಲೆ ಹೋಗಿ ಕ್ಯಾಬಿನ್ನಿನ ಬಾಗಿಲು ತೆರೆದು ಹಿಡಿದ.

"ಹತ್ಕಳ್ರವ್ವ" ಎಂದ, "ಇಬ್ರೂ ಹತ್ಕಳಿ."